ಟವಲಿನ ನೀರು

ಅತ್ತೆ ಒಂದು ಚೊಂಬು ನೀರು ಕೇಳಿದಾಗ ಕೀಲಿ ಪಾಚಕ್ಕನ ಸೊಂಟದಲ್ಲೇ ಇತ್ತು.

ಕೊಡಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹಾಗಲ್ಲ ಹೀಗೆ ಅಂತ ತಿಪ್ಪೆ ಸಾರಿಸುವುದು ಬೇಡ. ಬೀಗ ಇತ್ತು, ಕೀಲಿ ಇತ್ತು, ಟ್ಯಾಂಕಿನ ತುಂಬ ನೀರಿತ್ತು. ಎಪ್ಪತ್ತು ದಾಟಿದ ಮುದುಕಿ ಚೊಂಬು ಹಿಡಿದು ಎದುರಿಗೆ ನಿಂತಿದ್ದಳು. ಪಾಚಕ್ಕ ಕೊಡಲಿಲ್ಲ.

"ಒಂದು ಚೊಂಬು ಕಣೇ. ಕೆರೆ ಕೇಳಿದ್ನಾ?" ಅಂದಳು ಅತ್ತೆ.

"ಇದು ಟವಲ್ ಒಗೆಯೋ ನೀರು ಅತ್ತೆ, ಕುಡಿಯೋದಕ್ಕಲ್ಲ. ಮ್ಯಾನೇಜರ್ ಸಾರ್ ಟ್ಯಾಂಕಿಗೆ ಗೆರೆ ಎಳೆದಿಟ್ಟಿದಾರೆ. ಒಂದು ಬೆರಳು ಹೆಚ್ಚುಕಡಿಮೆ ಆದ್ರೂ ನನ್ನ ಕೆಲಸ ಹೋಗುತ್ತೆ."

"ಅಂದ್ರೆ ಟವಲಿಗೆ ಬಾಯಾರುತ್ತೆ. ನಂಗೆ ಆರಲ್ಲ."

"ಕೆರೆ ನೀರೇ ಕಾಯ್ಸಿ ಕುಡೀರಿ. ಕಾಯ್ಸಿದ್ರೆ ಏನೂ ಆಗಲ್ಲ. ನಾನು ಹೇಳ್ತಿದೀನಲ್ಲ."

ಅತ್ತೆ ಚೊಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು. "ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಮ್ಮನೆಗೇ ಸೊಸೆಯಾಗಿ ಬರ್ತಾಳೆ ಅಂತ ಗೊತ್ತಿರ್ಲಿಲ್ಲ ನೋಡು" ಅಂದಳು. ಕಲ್ಲಿನ ಮೇಲೆ ಟವಲು ಕುಕ್ಕುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಪಾಚಕ್ಕನೂ ನಕ್ಕಳು. ಹೌದು, ನಕ್ಕಳು.

ಪಾಚಕ್ಕ ಅನ್ನುವ ಹೆಸರು ಕ್ಲಬ್ಬಿನವರು ಇಟ್ಟದ್ದು. ಕೆರೆಯ ಮೇಲ್ದಂಡೆಯಲ್ಲಿ ಈಜುವವರ ಕ್ಲಬ್ಬು. ಹುಲ್ಲುಹಾಸು, ಬಣ್ಣದ ಕೊಡೆ, ಬಿಳಿ ಕುರ್ಚಿ, ನೀರಿಗಿಳಿಯುವ ಮೆಟ್ಟಿಲು. ಬಿಸಿಲು ಏರುವ ತಿಂಗಳುಗಳಲ್ಲಿ ಕೆರೆಯ ಮೇಲೆ ಹಸಿರು ಕೆನೆ ಕಟ್ಟುತ್ತದೆ. ಯಾರೋ ಡಬ್ಬಿಗಟ್ಟಲೆ ಬಣ್ಣ ಚೆಲ್ಲಿ ಹೋದಂತೆ ಕಾಣುತ್ತದೆ. ಸದಸ್ಯರು ಬರುವ ಮೊದಲು ಅದನ್ನು ತೆಗೆಯಬೇಕು. ಹನ್ನೊಂದು ವರ್ಷದಿಂದ ತೆಗೆಯುತ್ತಿದ್ದವಳು ಅವಳು. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಸೇರಿದ ಕೆಲಸ.

ಬೆಳಕು ಹರಿಯುತ್ತಲೇ ದೋಣಿ ಹತ್ತಬೇಕು. ಪ್ಲಾಸ್ಟಿಕ್ ಡ್ರಮ್ಮುಗಳನ್ನು ಪೋಣಿಸಿದ ಉದ್ದನೆಯ ಹಗ್ಗವನ್ನು ನೀರಿನ ಮೇಲೆ ಬಿಟ್ಟು, ಬಲೆ ಬೀಸಿದ ಹಾಗೆ ಕೆನೆಯನ್ನೆಲ್ಲ ಸುತ್ತುವರಿಯಬೇಕು. ಆಮೇಲೆ ಹುಟ್ಟು ಹಾಕಿಕೊಂಡು ಎಳೆಯಬೇಕು. ರಟ್ಟೆ ಬಿದ್ದು ಹೋಗುತ್ತದೆ. ಡ್ರಮ್ಮಿನ ಸಂದಿಯಿಂದ ನುಸುಳಿದ್ದನ್ನು ಉದ್ದ ಹಿಡಿಯ ಜಾಲರಿಯಲ್ಲಿ ಬಾಚಬೇಕು. ಮೊಣಕೈವರೆಗೆ ಹಸಿರು. ತುರಿಕೆ. ಚರ್ಮ ಸುಲಿದು ಬೆರಳ ಸಂದಿಯಲ್ಲಿ ಕೆಂಪು ಮಾಂಸ ಕಾಣುತ್ತದೆ. ಒಮ್ಮೆ ಕೈಗವಸು ಕೇಳಿದ್ದಳು. "ಹನ್ನೊಂದು ವರ್ಷದಿಂದ ಸಾಯ್ದೇ ಇರೋಳು ಈಗ ಸಾಯ್ತೀಯಾ?" ಅಂದಿದ್ದ ಮ್ಯಾನೇಜರ್. ಅದಕ್ಕೂ ಅವಳು ನಕ್ಕಿದ್ದಳು. ನಗುವುದು ಕೆಲಸದ ಒಂದು ಭಾಗವೇ ಆಗಿಹೋಗಿತ್ತು.

ಸೇರಿದ ಮೊದಲ ದಿನ ಕೇಳಿದ್ದಳು. "ಎಳೆದದ್ದನ್ನ ಎಲ್ಲಿಗೆ ಹಾಕೋದು ಸಾರ್?"

"ಎಲ್ಲಿಗಾದ್ರೂ. ಕಣ್ಣಿಗೆ ಕಾಣದ ಕಡೆ."

ಕಣ್ಣಿಗೆ ಕಾಣದ ಕಡೆ ಅವಳ ಮನೆ ಇತ್ತು. ಜೊಂಡಿನ ಹಿಂದೆ, ಕೆಳದಂಡೆಯಲ್ಲಿ, ತಗಡಿನ ನಲವತ್ತು ಮನೆ. ಕ್ಲಬ್ಬಿನ ಟವಲು, ಹಾಸು, ಪರದೆ ಒಗೆಯುವವರ ಮನೆಗಳು. ಗಾಳಿಯೂ ಅತ್ತಲೇ ಬೀಸುತ್ತಿತ್ತು, ಎಳೆಯಲು ಹಗುರ. ಹನ್ನೊಂದು ವರ್ಷ ಪಾಚಕ್ಕ ಮೇಲಿನವರ ಕೊಳೆಯನ್ನು ತಂದು ತನ್ನವರ ಮೆಟ್ಟಿಲ ಬಳಿ ಬಿಟ್ಟಳು. ಊರಿಗೆ ಉಪಕಾರಿ, ಮನೆಗೆ ಮಾರಿ. ಬರೀ ಪಾಚಿ ಅಂದುಕೊಂಡಿದ್ದಳು. ನಾದಿನಿಯ ಮೇಕೆ ಅಲ್ಲಿ ನೀರು ಕುಡಿದು ಮಧ್ಯಾಹ್ನದೊಳಗೆ ಕಾಲು ಸೆಟೆದು ಬಿದ್ದಾಗಲೂ ಪ್ಲಾಸ್ಟಿಕ್ ತಿಂದಿರಬೇಕು ಅಂದವಳು ಅವಳೇ. ಕೆರೆಯ ವಿಷಯದಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ನೀರಿನಲ್ಲೇ ಇರುವವಳು ತಾನೇ!

ಕ್ಲಬ್ಬಿನ ಮೆಟ್ಟಿಲ ಬಳಿ ಒಂದು ಬೋರ್ಡು ಇತ್ತು. ಒಂದು ಕಡೆ ಹಸಿರು: ಈಜಬಹುದು. ಇನ್ನೊಂದು ಕಡೆ ಕೆಂಪು: ನೀರಿಗೆ ಇಳಿಯಬೇಡಿ. ತಿಂಗಳಿಗೊಮ್ಮೆ ಲ್ಯಾಬಿನ ಮೇಡಂ ನೀರಿನ ಸ್ಯಾಂಪಲ್ಲಿಗೆ ಬರುತ್ತಿದ್ದಳು. ಅವಳಿಗೆ ದೋಣಿಯೆಂದರೆ ತಲೆ ತಿರುಗು. ಹಾಗಾಗಿ ಬಾಟಲಿ ತುಂಬಿ ತರುವವಳು ಪಾಚಕ್ಕನೇ. ಎಲ್ಲಿಂದ ತುಂಬಬೇಕು ಅಂತ ಮ್ಯಾನೇಜರ್ ಹೇಳಿಕೊಟ್ಟಿದ್ದ. ಪಾಚಿ ಎಳೆದಾದ ಮೇಲೆ, ಕೆರೆಯ ನಟ್ಟ ನಡುವೆ, ಕೈಯನ್ನು ಭುಜದವರೆಗೆ ಇಳಿಸಿ, ಆಳದ ನೀರು. ಬೋರ್ಡು ಸದಾ ಹಸಿರೇ. ಕೆಳದಂಡೆಯಲ್ಲಿ ಬೋರ್ಡೇ ಇರಲಿಲ್ಲ.

ಈ ಬೇಸಿಗೆ ಇಬ್ಬರು ಸದಸ್ಯರ ಮೈಮೇಲೆ ದದ್ದು ಎದ್ದವು. ಗಲಾಟೆಯಾಯಿತು. ಕೆರೆಯ ತಪ್ಪಲ್ಲ, ಟವಲಿನ ತಪ್ಪು ಅಂತ ತೀರ್ಮಾನವಾಯಿತು. ಟವಲು ಒಗೆಯುವುದು ಎಲ್ಲಿ? ಕೆಳದಂಡೆಯಲ್ಲಿ. ಯಾವ ನೀರಲ್ಲಿ? ಅಯ್ಯೋ, ಆ ಹಸಿರು ನೀರಲ್ಲಾ? ಮೂರನೇ ದಿನಕ್ಕೆ ಟ್ಯಾಂಕರು ಬಂತು. ಕೆಳದಂಡೆಯಲ್ಲಿ ದೊಡ್ಡ ಕಪ್ಪು ಟ್ಯಾಂಕು ಕೂತಿತು. ಅದರ ನಲ್ಲಿಗೆ ಕಬ್ಬಿಣದ ಗೂಡು, ಗೂಡಿಗೆ ಬೀಗ.

ಬೀದಿಯ ನಲ್ಲಿ ಮೂರು ತಿಂಗಳಿಂದ ಬರೀ ಗಾಳಿ ಬಿಡುತ್ತಿತ್ತು. ಟ್ಯಾಂಕರ್ ನೋಡಿ ಹೆಂಗಸರು ಬಿಂದಿಗೆ ಹಿಡಿದು ಓಡಿ ಬಂದಿದ್ದರು. ಮ್ಯಾನೇಜರ್ ಎರಡೂ ಕೈ ಅಡ್ಡ ಹಿಡಿದ.

"ಇದು ಟವಲಿಗೆ ಮಾತ್ರ! ಗೊತ್ತಾಯ್ತಾ? ಟವಲಿಗೆ ಮಾತ್ರ."

ಕೀಲಿಯನ್ನು ಪಾಚಕ್ಕನ ಕೈಗೆ ಕೊಟ್ಟು, "ನೀನು ನಂಬಿಕೆಯ ಮನುಷ್ಯಳು" ಅಂದ. ಹನ್ನೊಂದು ವರ್ಷದಲ್ಲಿ ಅವಳನ್ನು ಆತ ಮನುಷ್ಯಳು ಅಂದದ್ದು ಅದೇ ಮೊದಲು. ಅವಳಿಗೆ ಕೋಡು ಮೂಡಿತು. ಕೀಲಿಯನ್ನು ಸೆರಗಿನ ತುದಿಗಲ್ಲ, ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀಗ ತೆಗೆಯುವಾಗ ಹೆಂಗಸರು ದಾರಿ ಬಿಡುತ್ತಿದ್ದರು. ಅದು ಅವಳಿಗೆ ಹಿತವಾಗುತ್ತಿತ್ತು. ಇದನ್ನೂ ಹೇಳಿಬಿಡಬೇಕು.

ಒಳ್ಳೆಯ ನೀರು ಟವಲಿನ ಮೇಲೆ ಹರಿದು ಚರಂಡಿ ಸೇರುತ್ತಿತ್ತು. ಹೆಂಗಸರು ಬಾಯಾರಿಕೆಯಲ್ಲಿ ಅದನ್ನೇ ನೋಡುತ್ತ ಕುಕ್ಕುತ್ತಿದ್ದರು.

ನಾದಿನಿ ಅತ್ತಿಗೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಪಾಚಕ್ಕನ ಮನೆಯ ಮಗ್ಗುಲ ಮನೆಯೇ ಅವಳದು, ಅತ್ತೆ ಇದ್ದದ್ದು ಅವಳ ಜೊತೆ. ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಒಲೆಯ ಮೇಲಿಟ್ಟು ಕೊತಕೊತ ಕುದಿಸಿದಳು. ಅಮ್ಮನಿಗೆ ವಯಸ್ಸಾಗಿದೆ, ಸಾಲದು ಅಂತ ಇನ್ನೂ ಕುದಿಸಿದಳು. ಪಾತ್ರೆ ತುಂಬ ಇದ್ದದ್ದು ಅರ್ಧಕ್ಕೆ ಇಳಿಯುವವರೆಗೆ. ಸೌದೆಯೆಲ್ಲ ಮುದುಕಿಯ ನೀರಿಗೇ ಹೋಯಿತು. ತಾನೂ ತನ್ನ ನಾಲ್ಕು ವರ್ಷದ ಪುಟ್ಟಿಯೂ ಕುಡಿದದ್ದು ದೂರದ ಕಾರ್ಖಾನೆಯ ಗೇಟಿನಿಂದ ಹೊತ್ತು ತಂದ ಒಂದೇ ಕೊಡ. ಅಷ್ಟು ದೂರದ ನೀರು ದಿನಾ ಎಲ್ಲರಿಗೂ ಎಲ್ಲಿ ಸಾಕು? ಕಾಯಿಸಿದ್ದೇ ಹೆಚ್ಚು ಒಳ್ಳೆಯದು, ಅದು ಅಮ್ಮನಿಗಿರಲಿ ಅಂದುಕೊಂಡಳು.

"ಕೊಳೆತ ಹುಲ್ಲು ಕುಡಿದ ಹಾಗಿದೆ ಕಣೇ" ಅಂತ ಅತ್ತೆ ಮುಖ ಕಿವುಚುತ್ತಿದ್ದಳು. "ನಿನ್ನ ಅತ್ತಿಗೆ ಕೊಟ್ಟ ಔಷಧಿ ಅಲ್ವಾ, ಕಹಿ ಇರಬೇಕು ಬಿಡು."

ಮೂರನೇ ವಾರ ವಾಂತಿ ಶುರುವಾಯಿತು. ಹೊಟ್ಟೆ ಹಿಡಿದು ಮುದುರಿಕೊಂಡಳು. ಕಣ್ಣು ಹಳದಿಯಾಯಿತು. ಆಸ್ಪತ್ರೆಯ ವರಾಂಡದಲ್ಲಿ, ಎರಡು ಮಂಚದ ನಡುವೆ ನೆಲದ ಮೇಲೆ ಹಾಸಿಗೆ ಸಿಕ್ಕಿತು. ಡಾಕ್ಟರು ಕೇಳಿದರು, "ಯಾವ ನೀರು ಕುಡೀತಿದ್ರು?"

ನಾದಿನಿ ಬಾಯಿ ತೆರೆಯುವ ಮೊದಲೇ ಪಾಚಕ್ಕ ಮುಂದೆ ಬಂದಳು. "ಕಾಯ್ಸಿದ ನೀರೇ ಸಾರ್. ಅರ್ಧಕ್ಕೆ ಇಳಿಸಿ ಕಾಯ್ಸಿದ್ದು."

"ಹಾಗಾದ್ರೆ ನೀರಿನ ತೊಂದರೆ ಅಲ್ಲ" ಅಂತ ಡಾಕ್ಟರು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು. ಕೆರೆಯದು ಅಂತ ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಐದನೇ ದಿನ ಅತ್ತೆ ಹೋದಳು. ಕಡೆಯ ದಿನ ಹನಿ ನೀರು ಗಂಟಲಿಗಿಳಿಯಲಿಲ್ಲ.

ಹತ್ತು ದಿನ ಬಿಟ್ಟು ಪಾಚಕ್ಕ ಮತ್ತೆ ದೋಣಿ ಹತ್ತಿದಳು. ಕ್ಲಬ್ಬಿನಲ್ಲಿ ದೊಡ್ಡ ಈಜು ಸ್ಪರ್ಧೆ, ಮೂರೇ ದಿನ ಉಳಿದಿತ್ತು. ಲ್ಯಾಬಿನ ಮೇಡಂ ಸ್ಯಾಂಪಲ್ಲಿಗೆ ಬಂದಿದ್ದಳು. ಬಾಟಲಿ ಕೊಡುವಾಗ ಪಾಚಕ್ಕನ ಕೈ ನೋಡಿ ಹುಬ್ಬು ಗಂಟಿಕ್ಕಿದಳು.

"ಏನಕ್ಕ ಇದು, ಬರಿಗೈಯಲ್ಲಿ ಮುಟ್ತೀರಾ? ಈ ಬಣ್ಣದ ಥರ ತೇಲೋದಿದೆಯಲ್ಲ, ಅದು ವಿಷ ಇರಬಹುದು. ಅದು ಕಂಡ ಕಡೆ ಇಳಿಯಲೇಬಾರದು. ಮುಟ್ಟಿದ್ರೆ ತಕ್ಷಣ ಒಳ್ಳೆ ನೀರಲ್ಲಿ ತೊಳ್ಕೊಬೇಕು. ದನ, ನಾಯಿ, ಮೇಕೆ ಯಾವುದನ್ನೂ ಹತ್ರ ಬಿಡಬಾರದು."

ಮೇಕೆ ಅಂದ ಕೂಡಲೇ ಪಾಚಕ್ಕನಿಗೆ ನಾದಿನಿಯ ಮೇಕೆ ನೆನಪಾಯಿತು. "ವಿಷ ಅಂತ ಗೊತ್ತಾಗೋದು ಹೇಗೆ ಮೇಡಂ?"

"ಗಾಜಿನ ಸೀಸೆಯಲ್ಲಿ ತುಂಬಿ ಒಂದು ದಿನ ಅಲ್ಲಾಡಿಸದೆ ಇಡಿ. ಹಸಿರೆಲ್ಲ ಮೇಲೆ ಬಂದು ಕೆನೆ ಕಟ್ಟಿದ್ರೆ ಆ ನೀರಿನ ಸಹವಾಸ ಬೇಡ. ಖಚಿತವಾಗಿ ಹೇಳೋದಕ್ಕೆ ಲ್ಯಾಬೇ ಬೇಕು. ಅನುಮಾನ ಬಂದ್ರೆ ದೂರ ಇರೋದೇ ಕ್ಷೇಮ."

"ಕಾಯ್ಸಿದ್ರೆ ಹೋಗುತ್ತಲ್ಲ?"

ಮೇಡಂ ತಲೆಯಲ್ಲಾಡಿಸಿದಳು. "ಅದೇ ಎಲ್ಲರೂ ಮಾಡೋ ತಪ್ಪು. ಕಾಯ್ಸಿದ್ರೆ ಪಾಚಿ ಒಡೆದು ಒಳಗಿನ ವಿಷವೂ ನೀರಿಗೆ ಬಿಡುತ್ತೆ. ನೀರು ಆವಿಯಾಗುತ್ತೆ, ವಿಷ ಆಗಲ್ಲ. ಎಷ್ಟು ಕಾಯಿಸ್ತೀರೋ ಅಷ್ಟು ಗಟ್ಟಿ."

ಅಷ್ಟು ಹೇಳಿ ಅವಳು ಬಾಟಲಿಗೆ ಚೀಟಿ ಅಂಟಿಸಿದಳು. ಪಾಚಕ್ಕ ಮೆಟ್ಟಿಲ ಮೇಲೆ ಕೂತಳು. ಅರ್ಧಕ್ಕೆ ಇಳಿಸಿ. ಅಂದರೆ ಎರಡರಷ್ಟು. ಮಗಳು ಪ್ರೀತಿಯಿಂದ ಕುದಿಸಿದಷ್ಟೂ ತಾಯಿಗೆ ವಿಷ ಹೆಚ್ಚಾಗಿತ್ತು. ಕುದಿಸು ಅಂದ ಬಾಯಿ ಇದೇ. ಕೆನೆಯನ್ನು ಎಳೆದು ತಂದು ಮನೆ ಮುಂದೆ ಬಿಟ್ಟ ಕೈ ಇದೇ. ನೀರಿಗೆ ಬೀಗ ಹಾಕಿದ ಕೈಯೂ ಇದೇ.

ಆಗಲಾದರೂ ಬಾಯಿ ಬಿಡಬಹುದಿತ್ತು. ಆ ಬಾಟಲಿಯಲ್ಲಿ ಇದ್ದದ್ದು ನಡುಕೆರೆಯ ನೀರು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಮೇಡಂ ಬಾಟಲಿ ಪೆಟ್ಟಿಗೆಗಿಟ್ಟು ಹೊರಟುಹೋದಳು. ಪಾಚಕ್ಕ ನೋಡುತ್ತ ಕೂತಳು.

ಆ ಸಂಜೆ ಮನೆ ಮುಂದಿನ ನೀರನ್ನು ಒಂದು ಗಾಜಿನ ಸೀಸೆಗೆ ತುಂಬಿ ಕಿಟಕಿಯಲ್ಲಿಟ್ಟಳು. ಮಾರನೇ ದಿನ ಹೊತ್ತು ಮುಳುಗುವುದರೊಳಗೆ ಎರಡು ಬೆರಳು ದಪ್ಪ ಹಸಿರು ಮೇಲೆ ಬಂದು ಕೂತಿತ್ತು. ನಾದಿನಿಯ ಮನೆಗೂ ಅವಳ ಮನೆಗೂ ನಡುವೆ ಒಂದು ತಗಡಷ್ಟೇ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಎರಡು ದಿನ ತಗಡಿನವರೆಗೆ ಹೋದಳು, ವಾಪಸು ಬಂದಳು. ಹೇಳಿ, ಯಾವ ಬಾಯಿಂದ ಹೇಳುವುದು? ನಿನ್ನ ಅಮ್ಮನನ್ನು ನಿನ್ನ ಕೈಯಿಂದಲೇ ಕೊಲ್ಲಿಸಿದೆ ಅಂತಲೇ? ಅನ್ನ ಸೇರಲಿಲ್ಲ. ಟವಲು ತೊಳೆಯುವ ಹೊತ್ತಿಗೆ ಬೀಗ ತೆಗೆದಳು, ಮುಗಿದ ಮೇಲೆ ಹಾಕಿದಳು. ಅಭ್ಯಾಸ ಅನ್ನುವುದು ಎಂಥ ನಾಚಿಕೆಗೇಡಿ ನೋಡಿ.

ಸ್ಪರ್ಧೆಯ ದಿನ ಬೆಳಗ್ಗೆ, ದೋಣಿ ಹತ್ತುವ ಮೊದಲು, ಕೊನೆಯ ಗಂಟು ಟವಲಿಗೆ ಬೀಗ ತೆಗೆಯಲು ಹೊರಟಳು. ನಾದಿನಿ ಬಾಗಿಲಲ್ಲಿ ಒಲೆ ಹೂಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಪುಟ್ಟಿ ಖಾಲಿ ಲೋಟ ಹಿಡಿದುಕೊಂಡು ಕಾಯುತ್ತಿದ್ದಳು.

"ಕಾರ್ಖಾನೆ ಗೇಟು ಮುಚ್ಚಿಬಿಟ್ರು ಅತ್ತಿಗೆ" ಅಂದಳು ನಾದಿನಿ, ಒಲೆ ಊದುತ್ತ. "ಇನ್ನು ನಮಗೂ ಇದೇ ಗತಿ. ಅಮ್ಮಂಗೆ ನಾನು ಸರಿಯಾಗಿ ಕಾಯಿಸ್ಲಿಲ್ಲ ಅನ್ಸುತ್ತೆ. ಸೌದೆ ಮುಖ ನೋಡ್ಬಿಟ್ಟೆ. ಇವಳಿಗೆ ಹಾಗೆ ಮಾಡಲ್ಲ. ಕಾಲು ಭಾಗಕ್ಕೆ ಇಳಿಸ್ತೀನಿ."

ಪಾಚಕ್ಕ ಪಾತ್ರೆ ನೋಡಿದಳು. ತಳದಲ್ಲಿ ಹಸಿರು ಹಳದಿ ನೀರು ತಕತಕ ಕುದಿಯುತ್ತಿತ್ತು. ನಾದಿನಿ ಬಟ್ಟೆ ಹಿಡಿದು ಪಾತ್ರೆ ಇಳಿಸಿದಳು. ಪುಟ್ಟಿ ಲೋಟ ಮುಂದೆ ಚಾಚಿದಳು.

ಪಾಚಕ್ಕ ಪಾತ್ರೆಯನ್ನು ಒದ್ದಳು.

ಕುದಿನೀರು ಅವಳ ಪಾದದ ಮೇಲೇ ಚೆಲ್ಲಿತು. ಪುಟ್ಟಿ ಕಿರುಚಿದಳು. "ಅಯ್ಯೋ! ತಲೆ ಕೆಟ್ಟಿದೆಯಾ ನಿಂಗೆ?" ಅಂತ ನಾದಿನಿ ಎದ್ದು ನಿಂತಳು. ಒಗೆಯುವ ಕಲ್ಲಿನಿಂದ ಹೆಂಗಸರು ಓಡಿ ಬಂದರು.

"ನೀನು ಸರಿಯಾಗೇ ಕಾಯ್ಸಿದ್ದೆ" ಅಂದಳು ಪಾಚಕ್ಕ. "ಕಾಯ್ಸಿದ್ದಕ್ಕೇ ಹೋದ್ರು. ಈ ವಿಷ ಕಾಯ್ಸಿದ್ರೆ ಸಾಯಲ್ಲ, ಗಟ್ಟಿಯಾಗುತ್ತೆ. ಲ್ಯಾಬಿನೋರು ಹೇಳಿದ್ರು. ಮೂರು ದಿನದಿಂದ ನಂಗೆ ಗೊತ್ತು. ಹೇಳ್ಲಿಲ್ಲ. ಕಾಯ್ಸಿ ಅಂತ ಹೇಳಿದ್ದು ನಾನು. ಆ ಪಾಚಿ ಇಲ್ಲಿಗೆ ತಂದು ಬಿಟ್ಟಿದ್ದು ನಾನು, ಹನ್ನೊಂದು ವರ್ಷ. ಅತ್ತೆ ಒಂದು ಚೊಂಬು ಕೇಳಿದ್ರು. ನಾನು ಕೊಡ್ಲಿಲ್ಲ."

ನಾದಿನಿ ಮಗಳನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಹಾವು ಕಂಡವರು ಸರಿಯುವ ಹಾಗೆ.

ಪಾಚಕ್ಕ ಬೆಂದ ಕಾಲಲ್ಲೇ ಹೋಗಿ ಗೂಡಿನ ಬೀಗ ತೆಗೆದಳು. ನಲ್ಲಿ ಪೂರ್ತಿ ತಿರುಗಿಸಿದಳು. "ಬಿಂದಿಗೆ ತನ್ನಿ" ಅಂತ ಕೂಗಿದಳು. "ಟವಲು ಹಾಳಾಗಿ ಹೋಗಲಿ. ಬಿಂದಿಗೆ ತನ್ನಿ!"

ಆ ಹೊತ್ತಿಗೇ ಮ್ಯಾನೇಜರ್ ಏದುಸಿರು ಬಿಡುತ್ತ ಜೊಂಡಿನ ದಾರಿಯಲ್ಲಿ ಬಂದ. ಹನ್ನೊಂದು ವರ್ಷದಲ್ಲಿ ಅವನು ಕೆಳದಂಡೆಗೆ ನಡೆದು ಬಂದದ್ದು ಎರಡು ಸಲವೂ ಇರಲಿಕ್ಕಿಲ್ಲ.

"ಏನೇ ಪಾಚಿ, ಮೇಲೆ ಜನ ಬಟ್ಟೆ ಬದಲಾಯಿಸಿ ನಿಂತಿದಾರೆ. ಮೆಟ್ಟಿಲ ತನಕ ಹಸಿರು ಬಂದು ಕೂತಿದೆ. ಎಳೆದಿಲ್ಲ ಯಾಕೆ?" ಅಷ್ಟರಲ್ಲಿ ನಲ್ಲಿ ಕಂಡಿತು, ಬಿಂದಿಗೆಗಳು ಕಂಡವು. "ಇದೇನು ನಡೀತಿದೆ ಇಲ್ಲಿ? ಮುಚ್ಚು ಅದನ್ನ!"

"ಮುಚ್ಚಲ್ಲ."

"ಏನಂದೆ?"

"ಮುಚ್ಚಲ್ಲ. ಪಾಚಿನೂ ಎಳೆಯಲ್ಲ."

"ತಿಂದ ಮನೆಗೆ ದ್ರೋಹ ಮಾಡ್ತೀಯಾ? ನಂಬಿ ಕೀಲಿ ಕೊಟ್ಟಿದ್ದೆ ನಿಂಗೆ!"

"ಅದಕ್ಕೇ ಸಾರ್. ನಂಬಿ ಕೊಟ್ರಿ, ನಾನು ನಂಬಿಕೆ ಉಳಿಸ್ಕೊಂಡೆ. ನಮ್ಮ ಅತ್ತೆ ಸತ್ತರು."

"ಅದಕ್ಕೂ ಇದಕ್ಕೂ ಏನು ಸಂಬಂಧ? ನೀನಿಲ್ಲದಿದ್ರೆ ಹತ್ತು ಜನ ಸಿಗ್ತಾರೆ." ಅವನು ಹೆಂಗಸರ ಕಡೆ ತಿರುಗಿದ. "ಯಾರಾದ್ರೂ ಒಬ್ರು ದೋಣಿ ಹತ್ರಿ. ಬೇಗ."

ಒಬ್ಬಳು ಟವಲಿನ ಗಂಟನ್ನು ಅವನ ಕಾಲ ಬಳಿ ಎತ್ತಿ ಒಗೆದಳು. ಇನ್ನೊಬ್ಬಳು ಬಿಂದಿಗೆ ತುಂಬಿಸುತ್ತ ತಲೆಯೆತ್ತದೆ, "ನಿಮಗೇ ಈಜು ಬರುತ್ತಲ್ಲ ಸಾರ್, ನೀವೇ ಹೋಗಿ ಎಳೀರಿ" ಅಂದಳು. ಈ ಸಲ ಹೆಂಗಸರು ನಗಲಿಲ್ಲ.

ಪಾಚಕ್ಕ ಕಿಟಕಿಯ ಸೀಸೆಯನ್ನು ಎರಡೂ ಕೈಯಲ್ಲಿ, ಅಲ್ಲಾಡದಂತೆ ಹಿಡಿದುಕೊಂಡು ಮೇಲ್ದಂಡೆಗೆ ನಡೆದಳು. ಮ್ಯಾನೇಜರ್ ಹಿಂದೆಯೇ ಬೈಯುತ್ತ ಬಂದ. ಕ್ಲಬ್ಬಿನ ಹುಲ್ಲಿನ ಮೇಲೆ ಅವಳು ಎಂದೂ ಕಾಲಿಟ್ಟಿರಲಿಲ್ಲ, ಹಿಂಬಾಗಿಲಿನಿಂದ ದೋಣಿಗೆ ಹೋಗುತ್ತಿದ್ದಳಷ್ಟೇ. ಹಸಿರು ಪಾದದ ಗುರುತು ಬೀಳುತ್ತ ಬಂತು. ನೀರಂಚಿನಲ್ಲಿ ಸ್ಪರ್ಧಿಗಳು ಸಾಲಾಗಿ ನಿಂತಿದ್ದರು, ಮಕ್ಕಳೂ ಇದ್ದರು. ಒಬ್ಬ ತಾಯಿ ಮಗಳ ಟೋಪಿ ಸರಿಮಾಡುತ್ತಿದ್ದಳು.

ಪಾಚಕ್ಕ ಬೋರ್ಡನ್ನು ಹಿಡಿದು ತಿರುಗಿಸಿದಳು. ಕೆಂಪು ಮುಖ ಜನರ ಕಡೆಗೆ ಬಂತು.

"ಇಳೀಬೇಡಿ" ಅಂದಳು. "ಇದು ವಿಷ. ನಮ್ಮನೇಲಿ ಒಬ್ಬರು ಹೋದ್ರು."

ಆ ತಾಯಿ ಮಗಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಒಬ್ಬೊಬ್ಬರೇ ಮೆಟ್ಟಿಲು ಹತ್ತಿದರು. ನೋಡಿ, ಅವರಿಗೆ ಒಂದು ಮಾತು ಸಾಕಾಯಿತು. ಕೆಳದಂಡೆಗೆ ಆ ಒಂದು ಮಾತನ್ನು ಹನ್ನೊಂದು ವರ್ಷ ಯಾರೂ ಹೇಳಿರಲಿಲ್ಲ.

ಲ್ಯಾಬಿನ ಮೇಡಂ ಅಲ್ಲೇ ಕುರ್ಚಿಯಲ್ಲಿದ್ದಳು, ನೀರು ಚೆನ್ನಾಗಿದೆ ಅನ್ನುವ ಕಾಗದ ಹಿಡಿದುಕೊಂಡು. ಪಾಚಕ್ಕ ಸೀಸೆಯನ್ನು ಅವಳ ಮುಂದೆ ಇಟ್ಟಳು. "ಮೊನ್ನೆ ಕೊಟ್ಟದ್ದು ಸುಳ್ಳು ನೀರು ಮೇಡಂ. ಇಷ್ಟು ದಿನ ಕೊಟ್ಟದ್ದೂ. ನಡುಕೆರೆಯಿಂದ ಮುಳುಗಿಸಿ ತಂದದ್ದು. ನಾವು ಕುಡಿಯೋ ನೀರು ಇದು." ಮೇಡಂ ಸೀಸೆ ನೋಡಿದಳು. ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಕೆಲಸ ಹೋಯಿತು, ಅದನ್ನು ಬೇರೆ ಹೇಳಬೇಕಿಲ್ಲ. ಆದರೆ ಅವಳು ಕೆಳದಂಡೆಗೆ ಮರಳಿದಾಗ ಎದೆ ಒಂದಿಷ್ಟೂ ಹಗುರವಾಗಿರಲಿಲ್ಲ. ಪಾದದಲ್ಲಿ ಬೊಬ್ಬೆ ಎದ್ದಿತ್ತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬೆಳಗ್ಗೆಯಿಂದ ಹನಿ ನೀರು ಕುಡಿದಿರಲಿಲ್ಲ.

ಟ್ಯಾಂಕಿನ ಮುಂದೆ ಸಾಲು ನಿಂತಿತ್ತು. ಟ್ಯಾಂಕಿನಲ್ಲಿ ಉಳಿದದ್ದು ತಳದ ನೀರು, ನಾಳೆ ಟ್ಯಾಂಕರು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನಲ್ಲಿಯ ಬಳಿ ಕೂತು ಮನೆಗಿಷ್ಟು ಅಂತ ಅಳೆದು ಹಾಕುತ್ತಿದ್ದವಳು ನಾದಿನಿ. ಬೀಗ, ಕೀಲಿ ಎರಡೂ ಅವಳ ಮಡಿಲಲ್ಲಿದ್ದವು. ಪಕ್ಕದಲ್ಲಿ ಪುಟ್ಟಿ ಲೋಟ ತುಂಬ ನೀರು ಕುಡಿಯುತ್ತಿದ್ದಳು.

ಪಾಚಕ್ಕ ಮನೆಗೆ ಹೋದಳು. ಒಳಗೆ ಕೈಗೆ ಸಿಕ್ಕಿದ್ದು ಅತ್ತೆಯ ಚೊಂಬೇ. ಅದನ್ನು ಹಿಡಿದು ಸಾಲಿನ ಕೊನೆಗೆ ನಿಂತಳು. ಯಾರೂ ದಾರಿ ಬಿಡಲಿಲ್ಲ, ಯಾರೂ ಮಾತಾಡಿಸಲಿಲ್ಲ. ಸಾಲು ಸರಿಯುತ್ತ ಸರಿಯುತ್ತ ಅವಳ ಸರದಿ ಬಂತು. ಚೊಂಬನ್ನು ಸುಮ್ಮನೆ ಚಾಚಿದಳು.

ನಾದಿನಿ ಚೊಂಬು ನೋಡಿದಳು. ಅಮ್ಮನ ಚೊಂಬು.

"ಬೇಡ ಅಂದ್ರೆ ಬೇಡ, ಹೋಗ್ತೀನಿ" ಅಂದಳು ಪಾಚಕ್ಕ.

"ಯಾಕೆ?" ನಾದಿನಿ ಚೊಂಬನ್ನು ಕಿತ್ತುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಕಂಠದವರೆಗೆ ತುಂಬಿತು. "ಕೊಡಲ್ಲ ಅನ್ನೋದಕ್ಕೆ ನಾನೇನು ನೀನಾ?"

ಚೊಂಬನ್ನು ಅವಳ ಕೈಗಿಟ್ಟು, ಮುಖ ತಿರುಗಿಸಿ ನಲ್ಲಿ ಮುಚ್ಚಿದಳು.

ಪಾಚಕ್ಕ ಅಲ್ಲೇ ನಿಂತು ಕುಡಿದಳು. ನೀರು ತಣ್ಣಗಿತ್ತು, ರುಚಿಯಾಗಿತ್ತು. ಒಂದೊಂದು ಗುಟುಕೂ ಗಂಟಲಲ್ಲಿ ನಿಂತು ನಿಂತು ಇಳಿಯಿತು. ಆದರೂ ಒಂದು ಹನಿ ಬಿಡದೆ ಪೂರ್ತಿ ಕುಡಿದಳು.